ಸ್ವೀಕರಿಸಿದ್ದು: ಒಂದು

ನಾನು ಹುಟ್ಟಿದ್ದು ಬಂದೂಕಿನ ಕೋಣೆಯಲ್ಲಿ.
ಏಪ್ರಿಲ್. ಹೊಳೆಯ ಮಂಜುಗಡ್ಡೆ ಬಿರಿದು
ಊರೆಲ್ಲ ಹತ್ತಿ ಬಂದಿತ್ತು ಗುಡ್ಡದ ಆಯುಧಶಾಲೆಗೆ,
ಹಾಸಿಗೆ, ಕೋಳಿ, ಚರ್ಚಿನ ಹಾರ್ಮೋನಿಯಂ ಸಮೇತ.
ಫ್ರೆಡೆರಿಕ್ಟನ್ನಿನ ದಾರಿ ನೀರಲ್ಲಿ. ಡಾಕ್ಟರಿಲ್ಲ.

ಅಜ್ಜ ಕವಾಯತು ಮಾಡಿದ್ದ ನೆಲ,
ಶನಿವಾರ ಅಮ್ಮ ಕುಣಿದಿದ್ದ ನೆಲ;
ಜ್ವರದ ವರ್ಷ ಸಾಲುಮಂಚ ಹಾಕಿದ್ದೂ ಅಲ್ಲೇ,
ಆ ಮಾತು ಯಾರೂ ಎತ್ತುತ್ತಿರಲಿಲ್ಲ.

ಉಗ್ರಾಣದ ಸಾರ್ಜೆಂಟ್ ಎಬೆನೀಜರ್ ಟಿಂಗ್ಲಿ
ಎಣ್ಣೆಬಟ್ಟೆ ಬಿಸಾಕಿ, ಕೈ ತೊಳೆದು,
ಕಾಡತೂಸಿನ ತಕ್ಕಡಿಯಲ್ಲಿ ನನ್ನ ತೂಗಿದ.
ಬೇರೆ ಪುಸ್ತಕವಿಲ್ಲದೆ ಶಸ್ತ್ರದ ಲೆಕ್ಕದಲ್ಲೇ ಬರೆದ:
ಸ್ವೀಕರಿಸಿದ್ದು ಒಂದು. ಏಳು ಪೌಂಡು.
ಸ್ಥಿತಿ ಉತ್ತಮ. ಸದ್ದು ಜೋರು.

ಬಂದೂಕುಗಳು ಹೋದವು, ಟಿಂಗ್ಲಿಯೂ ಹೋದ.
ಈಗಲ್ಲಿ ಗುರುವಾರ ಲಸಿಕೆ, ಮಕ್ಕಳ ಬ್ಯಾಡ್ಮಿಂಟನ್.
ಗಾಜಿನ ಕಪಾಟಿನೊಳಗೆ ಆ ಪುಟ;
'ಮರಳಿಸಿದ ದಿನಾಂಕ'
ಇನ್ನೂ ಖಾಲಿ. ಪೆನ್ಸಿಲು ಮಾತ್ರ
ದಾರಕ್ಕೆ ಕಟ್ಟಿಟ್ಟಿದ್ದಾರೆ.