ಎದುರಿನ ಗ್ವಾಡಿ

ಆಗ ಗ್ವಾಡಿ ಬರಿಯಾಕ ಯಾರ ಅಡ್ಡಿನೂ ಇರಲಿಲ್ಲ.
ಬೆಟಗೇರಿಯೊಳಗ ಹಳೇ ಜಿನ್ನಿನ ಗ್ವಾಡಿ, ನಲವತ್ತು ಫೂಟು;
ಫಕ್ಕೀರಪ್ಪ ಮಾಮಾ ಗೆರಿ ಎಳೀತಿದ್ದ,
ನಾ ಒಳಗ ಬಣ್ಣಾ ತುಂಬತಿದ್ದೆ.

ಅಂದಾನೆಪ್ಪನ ಮಂದಿ ಬಂದು ಮುಂಗಡ ಕೊಟ್ಟರು:
"ಶಿದ್ಲಿಂಗಪ್ಪನ್ನ ತಗಿ. ನೋಡಿದಾವ ನಗಬೇಕು,
ನಕ್ಕಾವ ನಮಗ ಶಿಕ್ಕಾ ಒತ್ತಬೇಕು."

ಮಾಮಾ ಸೈಕಲ್ ಹೊಡಕೊಂಡು ಹೋಗಿ
ತಾಸೊಪ್ಪತ್ತು ಭಾಷಣಾ ಕೇಳಿ ಬಂದ.
ಏನಂದ್ರು ಅಂದ್ರ ಒಂದ ಮಾತೂ ನೆನಪಿಲ್ಲ;
ಮೂಗು ಮಾತ್ರ ಇಡಿಯಾಗಿ ತಂದಿದ್ದ.

ಕಾದ ಎಣ್ಣ್ಯಾಗ ಆಗಷ್ಟ ತಿರುವಿದ ಮಿರ್ಚಿಯಂಥಾ ಮೂಗು,
ನಡುವ ಒಂದ ಸೊಟ್ಟ,
ಗಟಾರ ದಾಟಿ, ಸಾಲಿ ಕಂಪೌಂಡ ದಾಟಿ
ಗುತ್ತಿಗಿದಾರನ ಸಿಮೆಂಟ ಚೀಲಾ ಮೂಸತಿತ್ತು.
ಮಂದಿ ಟಾಂಗಾ ನಿಂದ್ರಿಸಿ ನಕ್ಕರು.
ಕುದರಿ ಒಂದ ನಗಲಿಲ್ಲ.

ರಾತ್ರಿ ಶಿದ್ಲಿಂಗಪ್ಪನ ಕಡೆಯವರು ಬಂದರು.
ಬಡೀತಾರಂತ ನಾ ಬಣ್ಣದ ಡಬ್ಬಿ ಹಿಂದ ಕುಂತೆ.
ಅವರು ಕೇಳಿದ್ದು ಇಷ್ಟ: "ಎದುರಿನ ಗ್ವಾಡಿ ಖಾಲಿ ಐತೇನು?"
ರೇಟೂ ಅದ, ಬ್ರಶ್ಶೂ ಅದ.
ಬೆಳಗಾಗೂದರಾಗ ಅಂದಾನೆಪ್ಪನ ಹೊಟ್ಟಿ
ನಳಾ ಇಲ್ಲದ ನೀರಿನ ಟಾಕಿ ಆಗಿತ್ತು,
ಕೆಳಗ ಕೊಡಾ ಹಿಡಕೊಂಡ ಹೆಣ್ಮಕ್ಕಳ ಪಾಳಿ.
ಪಾಳ್ಯಾಗ ಮೂರನೇದಾಕಿ ನಮ್ಮ ಶಂಕ್ರವ್ವತ್ತಿ.
ಬಂದು ನೋಡಿ, ಸೆರಗು ಸಿಗಿಸಿ ಗಂಡನ್ನ ಕೇಳಿದ್ಲು:
"ನನ್ನ ಕೊಡಕ್ಕ ಯಾಕ ತೂತು ತಗದಿ?"

ಮತದಾನಕ್ಕ ಎಂಟ ದಿನಾ ಇತ್ತು.
ಇಬ್ಬರೂ ಒಂದ ಜೀಪಿನ್ಯಾಗ, ಒಂದ ಹಾರದಾಗ.
ಅಳಸು ಅಂದ್ರು. ಬಾಕಿ ಆಮ್ಯಾಲ ಅಂದ್ರು.
ಎಣ್ಣಿ ಬಣ್ಣದ ಮ್ಯಾಲ ಸುಣ್ಣಾ ನಿಂದ್ರೂದಿಲ್ಲಂತ
ಮಾಮಾಗ ಗೊತ್ತಿತ್ತು. ಹೇಳಲಿಲ್ಲ.
ಅದೂ ಆಮ್ಯಾಲ.

ಮೂರನೇ ದಿನಾ ಸುಣ್ಣಾ ಹಳಕ ಹಳಕ ಉದುರಿ
ಮೊದಲ ಸೊಟ್ಟ ಕಂಡಿತು, ಆಮ್ಯಾಲ ಪೂರಾ ಮೂಗು,
ಮಾರಿ ಇಲ್ಲದ ಮೂಗು.

ಶಿದ್ಲಿಂಗಪ್ಪ ಕತ್ತಲದಾಗ ಒಬ್ಬನ ಬಂದ.
ಗ್ವಾಡಿಗೆ ಬ್ಯಾಟರಿ ಬಿಟ್ಟ,
ಇನ್ನೊಂದ ಕೈಲೆ ತನ್ನ ಮೂಗು ಮುಟ್ಟಿಕೊಂಡ.
"ಇಷ್ಟ ಸೊಟ್ಟ ಐತೇನಪಾ?"
"ಛೇ, ಗ್ವಾಡಿ ಸೊಟ್ಟ ಐತ್ರಿ" ಅಂದ ಮಾಮಾ.
ಆತಗ ಸಮಾಧಾನ ಆತು. ಬೀಡಿ ಕೊಟ್ಟು ಹೋದ.

ಎದುರಿನ ಗ್ವಾಡಿಗೆ ಸುಣ್ಣಾ ಕಡಿಮಿ ಬಿದ್ದಿತ್ತು.
ಟಾಕಿ ಹೋತು,
ಪಾಳಿ ಉಳೀತು.
ಮತದಾನದ ದಿನಾ ಸಾಲಿಗಿ ಹೋಗೂ ಪಾಳಿ
ಅದ ಗ್ವಾಡಿಗುಂಟ ಹತ್ತಿತ್ತು.
ಶಂಕ್ರವ್ವತ್ತಿ ಅಲ್ಲೂ ಮೂರನೇದಾಕಿ,
ಕೊಡಾ ಇರಲಿಲ್ಲ,
ಕೈ ಮಾತ್ರ ನಡುವಿನ ಮ್ಯಾಲ, ಹಂಗ.