ಬಿಳಿ ಎಳೆ, ಕರಿ ಎಳೆ

ಮೇ ತಿಂಗಳ ಗಾಳಿಗೆ ಮುರಿದ ಓಕ್ ಕೊಂಬೆಯನ್ನು
ನೋಯೆಮಿ ಅಂಗಳದಿಂದ ಎಳೆತಂದು
ಜಗಲಿಗೆ ಒರಗಿಸಿದಳು.
ಅದರ ತುಂಬ ನರೆ.

"ನೋಡಜ್ಜಿ, ಇವು ಎರಡು."
ಯುಲಾಲಿ ನೋಡಿದಳು. ಒಂದೇ ಕಂಡಿತು.
ಅಚಾಫಲಾಯದ ಜೌಗಿನಲ್ಲಿ ಎಪ್ಪತ್ತೆಂಟು ವರ್ಷ,
ಅದರಲ್ಲಿ ಇಪ್ಪತ್ತು ಇದೇ ಬೂದು ಗಡ್ಡ ಜಗ್ಗಿ
ದೋಣಿ ತುಂಬಿ, ಕೊಳೆಹಾಕಿ, ತಂತಿಯ ಮೇಲೆ ಒಣಗಿಸಿ
ಹಾಸಿಗೆಯ ಗಿರಣಿಗೆ ತೂಕಕ್ಕೆ ಮಾರಿದವಳು.
ಗಡ್ಡದಲ್ಲೂ ಜಾತಿಯೇ?

ಹುಡುಗಿ ಗಿಡ್ಡನೆಯದರ ಎಳೆಯೊಂದನ್ನು ಮೆಲ್ಲಗೆ ಎಳೆದಳು:
ಸಿಪ್ಪೆ ಬಿರಿದು ಒಳಗೆ ಬಿಳಿ ದಾರ,
ರಬ್ಬರಿನಂತೆ ಹಿಗ್ಗಿತು.
ಉದ್ದನೆಯದನ್ನು ಉಗುರಿನಿಂದ ಹೆರೆದಳು:
ಕುದುರೆಬಾಲದ ಕೂದಲು, ಕಪ್ಪಗೆ.
ಅದು ಮುದುಕಿಗೆ ಗೊತ್ತು. ಅದರ ಮೇಲೆಯೇ ಮಲಗಿ
ನಾಲ್ಕು ಹೆತ್ತಿದ್ದಾಳೆ.

ಬಿಳಿ ದಾರದ್ದು ಕಲ್ಲುಹೂವಿನ ಕುಲ.
ನನ್ನ ನುಡಿಯಲ್ಲಿ ಅದಕ್ಕೆ ಹೂವೆಂದೇ ಹೆಸರು;
ಮಸಾಲೆಗೆ ಹುರಿಯುವಾಗ ಯಾರೂ ಕೇಳಲಿಲ್ಲ
ಎಸಳೆಲ್ಲಿ ಅಂತ.
ಕಣ್ಣೆವೆಯ ಅಂಚಿನ ಪುಟ್ಟ ತಟ್ಟೆಗಳೇನೋ ಅರಳಿವೆ,
ಹೂವಲ್ಲ.
ಒಂದು ಶಿಲೀಂಧ್ರ, ಅದರ ಮಡಿಲಲ್ಲಿ ಒಂದು ಪಾಚಿ.
ಒಂದು ಗೋಡೆ ಕಟ್ಟುತ್ತದೆ, ಒಂದು ಬಿಸಿಲಲ್ಲಿ ಅಟ್ಟುಹಾಕುತ್ತದೆ.
ಬೇರ್ಪಡಿಸಿ ನೋಡಿ, ಎರಡಕ್ಕೂ ಆ ಹೆಸರು ಸಲ್ಲದು.

ಊರೆಲ್ಲ ಪಾಚಿ ಎಂದು ಕರೆದ ಆ ಉದ್ದ ಗಡ್ಡವೋ
ಅನಾನಸಿನ ದಾಯಾದಿ.
ಮರದಲ್ಲಿ ತೂಗಿಯೂ ಮರವನ್ನು ಹೀರದೆ
ಗಾಳಿಯ ತೇವ ನೆಕ್ಕಿ ಬದುಕುವುದು,
ಇಷ್ಟರಲ್ಲಿ ಎರಡೂ ಒಂದೇ.
ಆದರೆ ಇದು ಹೂ ಬಿಡುತ್ತದೆ.

"ಸುಳ್ಳು," ಎಂದಳು ಯುಲಾಲಿ.
ನೋಯೆಮಿ ಭೂತಗನ್ನಡಿ ಕೊಟ್ಟಳು.
ಮೂರೇ ಎಸಳು, ಭತ್ತದ ಕಾಳಿನಷ್ಟು,
ಹಸಿರೋ ಹಳದಿಯೋ ಹೇಳಲಾಗದು.
"ಕತ್ತಲಾದ ಮೇಲೆ ಘಮ, ಅಜ್ಜಿ. ತುಂಬಾ ತೆಳು."

ಮುದುಕಿ ಗಾಜು ಕೆಳಗಿಡಲಿಲ್ಲ.

ಐವತ್ತೊಂಬತ್ತರ ಮೇ.
ಅಲ್ಸೀಡ್ ರಾತ್ರಿ ದೋಣಿ ಕಟ್ಟಿ ಬರುತ್ತಿದ್ದ,
ಅಂಗಿಯಲ್ಲಿ ಬೆವರಿನ ಕೆಳಗೆ ಒಂದು ಪರಿಮಳ.
ಗಿರಣಿಯಲ್ಲಿ ತೂಕ ಬರೆಯುವ ಹೆಂಗಸಿನದೆಂದು
ಎಂಟು ದಿನ ಮಾತು ಬಿಟ್ಟಿದ್ದಳು.
"ಮರದ್ದು ಕಣೇ," ಎಂದವನ ಮುಖಕ್ಕೆ
ಬಾಗಿಲು ಹಾಕಿದ್ದಳು.
ಗಿರಣಿಯೂ ಇಲ್ಲ ಈಗ. ಅವನು ಹೋಗಿ ಹನ್ನೊಂದು ವರ್ಷ.
ಹಾಸಿಗೆ ಫೋಮಿನದು, ಯಾವ ವಾಸನೆಯೂ ಇಲ್ಲದ್ದು.

ಕೊಂಬೆಯನ್ನು ಕಸಕ್ಕೆ ಎಳೆಯಹೋದ ಮೊಮ್ಮಗಳಿಗೆ
"ಇರಲಿ ಬಿಡು," ಎಂದಳು,
"ಕತ್ತಲಾಗಲಿ."