ಎಂಟುನೂರು ಮೊಗ್ಗು

ಎಂಟುನೂರು ಮೊಗ್ಗಿಗೆ ಒಂದು ಚೆಂಡು,
ನಾಲ್ಕು ಚೆಂಡಿಗೆ ಒಂದು ಅಟ್ಟೆ.
ಶಂಕರಪುರದ ಕಡೆ ಹುಟ್ಟಿದವರಿಗೆ
ಎರಡರ ಮಗ್ಗಿಗಿಂತ ಮೊದಲು ಬರುವ ಮಗ್ಗಿ.

ನಾವು ಎಂಟು ಮಂದಿ. ತಲೆಗೆ ನೂರು.
ಶಾಲೆಗೆ ಹೊರಡುವ ಮೊದಲು ಮಕ್ಕಳ ಲೆಕ್ಕದಲ್ಲಿ ಒಂದು ಚೆಂಡು,
ಉಳಿದ ಗಿಡಗಳು ಅಪ್ಪ ಅಮ್ಮನ ಪಾಲು.
ಕಾಯಿದೆ ಅಮ್ಮನದು, ಜ್ವರಕ್ಕೂ ರಿಯಾಯಿತಿ ಇಲ್ಲ:
ಜ್ವರ ಬಂದವರು ಕೂತಲ್ಲೇ ಬಾಳೆನಾರು ಸೀಳಬೇಕು.

ಇಗರ್ಜಿಯ ಮೊದಲ ಗಂಟೆಗೆ ಎವ್ಲಿನಕ್ಕ
ಚಾಪೆಯ ಒಂದು ತುದಿ ಹಿಡಿದೆತ್ತುವಳು.
ಹಲಸಿನ ಬೀಜದ ಹಾಗೆ ಎಲ್ಲರೂ
ಇನ್ನೊಂದು ತುದಿಗೆ ಉರುಳುವೆವು.

ಉದ್ದದವರಿಗೆ ಮೇಲಿನ ಕೊಂಬೆ, ಗಿಡ್ಡರಿಗೆ ಬುಡ.
ನಾನು ಐದನೆಯವ,
ನಡುಗಿಡದ ಎಲೆಗಳ ಬೆನ್ನು ಕತ್ತಲಲ್ಲೂ ಗೊತ್ತು.
ಜುವಾಂವ್ ತೊಂಬತ್ತೇಳು ಕಿತ್ತು ನೂರು ಅನ್ನುವನು.
ಗ್ರೆಟ್ಟಾ ಒಂದೊಂದನ್ನು ಎರಡೆರಡು ಸಲ ಎಣಿಸುವಳು.
ಪಾವ್ಲು ಐವತ್ತಾದ ಮೇಲೆ ನೇರ ಎಪ್ಪತ್ತಕ್ಕೆ ಹಾರುವನು.
ನಾನು?
ನಾನೂ ಅಷ್ಟೆ.
ಎಲ್ಲ ಬಟ್ಟಲೂ ಒಂದೇ ಗೆರಸೆಗೆ ಸುರಿದಾಗ
ಅಮ್ಮ ಎಣಿಸಿದರೆ ಎಂಟುನೂರೇ, ದಿನಾ ಎಂಟುನೂರೇ.
ದೇವರು ಇದ್ದಾನೆ ಅಂದುಕೊಂಡೆವು.

ಆಮೇಲೆ ಹಟ್ಟಿ, ಹಾಲು, ಹಂದಿಗೂಡಿಗೆ ತೆಳಿಯ ಬಾಲ್ದಿ,
ಹಿಂಡಿ ನೆನೆಸಿದ ಅಪ್ಪನ ಕೈ ತಟ್ಟೆಯ ಮೇಲೂ ನಾರುವುದು.
ರೇಟು ಏರಿದ ದಿನ ಬಂಗುಡೆ,
ಇಳಿದ ದಿನ ಹುರುಳಿ ಚಟ್ನಿ.
ಇಡೀ ಊರಿನ ತಲೆಗೆ ಹೂ ಕಳಿಸುವ ಅಮ್ಮನ ತುರುಬಿನಲ್ಲಿ
ತುಕ್ಕು ಹಿಡಿದ ಎರಡು ಕ್ಲಿಪ್ಪು.
"ಮುಡಿದರೆ ಚೆಂಡು ಸಣ್ಣದಾಗ್ತದೆ ಮಾರಾಯ."

ಒಂಬತ್ತನೆಯವಳು ಬಂದದ್ದು ಮೇ ತಿಂಗಳಲ್ಲಿ,
ಮದುವೆಗಳ ನಡುವೆ.
ಅಮ್ಮ ನಸುಕಿಗೆ ಮೊಗ್ಗು ಕಿತ್ತು, ಹತ್ತೂವರೆಗೆ ಹೆತ್ತಳು.
ಏಜೆಂಟರಲ್ಲಿಂದ ಓಡಿಬಂದ ಅಪ್ಪನಿಗೆ
ಹೆಣ್ಣೆಂದು ಹೇಳುವ ಮೊದಲು ಕೇಳಿದಳು:
"ಅಟ್ಟೆಗೆ ಎಷ್ಟು?"

ಫ್ಲೋರಿನ್‌ಗೆ ನಾಲ್ಕು ತುಂಬಿದಾಗ
ಟಿನ್ನಿನ ಲೋಟ ಹಿಡಿದು ಬಂದು ನಿಂತಳು, ತನಗೂ ಪಾಲು ಬೇಕೆಂದು.
ಸೆಗಣಿ ಸಾರಿಸಿದ ಅಂಗಳದಲ್ಲಿ ಇದ್ದಿಲಿನಿಂದ ನಾನೇ ಭಾಗಿಸಿದೆ.
ಒಂಬತ್ತು ಮಂದಿ, ತಲೆಗೆ ಎಂಬತ್ತೊಂಬತ್ತು.
ಒಂದು ಹೆಚ್ಚಾಗ್ತದಮ್ಮ.
ಅಮ್ಮ ತುಂಬಾ ಹೊತ್ತು ಇದ್ದಿಲ ಗೆರೆ ನೋಡಿದಳು.
ಮರುದಿನದಿಂದ ಅವಳ ಕ್ಲಿಪ್ಪಿನ ಬದಿಗೆ
ಒಂದೇ ಒಂದು ಮೊಗ್ಗು,
ಸಂಜೆ ತೇರ್ಸ್ ಹೇಳುವ ಹೊತ್ತಿಗೆ ಅರಳುವುದು.

ಎವ್ಲಿನಕ್ಕನ ಮದುವೆ ಬೆಳ್ಮಣ್ಣಿಗಾಯಿತು.
ನಾವೇ ಕಟ್ಟಿದ ಹೂ, ನಾವೇ ಕೊಯ್ದ ಹಂದಿ,
ಅತ್ತದ್ದೂ ನಾವೇ, ಸ್ವಲ್ಪ ಊಟದ ಮೊದಲು, ಸ್ವಲ್ಪ ಆಮೇಲೆ.

ಮರುದಿನ ಗಂಟೆ ಹೊಡೆಯಿತು. ಚಾಪೆ ಅಲ್ಲಾಡಲಿಲ್ಲ.
ಗಂಟೆಯೇ ತಪ್ಪಿರಬೇಕೆಂದು ಮಗ್ಗಲು ಬದಲಿಸಿದೆವು.
ಎದ್ದು ಓಡಿ, ಮತ್ತೆ ತಲೆಗೆ ನೂರರ ಹಳೇ ಲೆಕ್ಕ,
ಎಲ್ಲರೂ ನೂರು ನೂರು ಎಂದು ಸುರಿದೆವು.
ಅಮ್ಮ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.
ಮೂರನೆಯ ಸಲ ನನ್ನನ್ನು ಕರೆದಳು.

ಏಳುನೂರ ಮೂವತ್ತೊಂದು.

ಯಾರೂ ಯಾರ ಮುಖವನ್ನೂ ನೋಡಲಿಲ್ಲ.
ಜುವಾಂವ್ ಕಾಲ್ಬೆರಳಲ್ಲಿ ಮಣ್ಣು ಕೆರೆಯುತ್ತಿದ್ದ.
ಎಷ್ಟು ವರ್ಷ, ನಾವು ಕದ್ದದ್ದನ್ನೆಲ್ಲ
ಯಾವ ಗಿಡದ ಹಿಂದೆ ನಿಂತು ಕಿತ್ತಿರಬೇಕು ಅವಳು!
ಅವಳ ಉಗುರಿನ ಬುಡ ಸದಾ ಹಸಿರಾಗಿದ್ದದ್ದು
ಈಗ ನೆನಪಾಯಿತು.

ಲೀನ ಏನೂ ಹೇಳದೆ ಬಟ್ಟಲೆತ್ತಿಕೊಂಡು ಗಿಡದ ಕಡೆ ಹೊರಟಳು,
ಅಕ್ಕನ ಕೆಲಸ ಇನ್ನು ತನ್ನದೆಂಬ ಹಾಗೆ.
ಯಾಕೋ ನಾನು ಹಿಂದೆ ಓಡಿ ಅದನ್ನು ಕಸಿದುಕೊಂಡೆ.
ಅರುವತ್ತೊಂಬತ್ತು.
ಗಟ್ಟಿಯಾಗಿ, ಊರಿಗೆಲ್ಲ ಕೇಳುವ ಹಾಗೆ ಎಣಿಸಿ ಕಿತ್ತೆ.

ಬಿಸಿಲೇರಿತ್ತು. ಕೈಗೆ ಬಂದ ಎಪ್ಪತ್ತನೆಯದು
ಆಗಲೇ ಬಾಯಿ ಬಿಟ್ಟಿತ್ತು, ಮಾರಲು ಆಗದು.
ಒಯ್ದು ನೀಡಿದೆ.
ನಾರು ಹಿಡಿದ ಎರಡೂ ಕೈ ಬಿಡುವಿಲ್ಲದ ಅಮ್ಮ
ತಲೆ ಬಗ್ಗಿಸಿದಳು.